ಕೆರೆ, ಗೋಕಟ್ಟೆ, ಕೃಷಿ ಹೊಂಡಗಳಲ್ಲಿ ವಲಸೆ ಗೊರವಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಸರಿನಲ್ಲಿ ನಡೆದಾಡುತ್ತಾ ಹುಳು ಹೆಕ್ಕುವ ಗೊರವ (ಸ್ಯಾಂಡ್‌ಪೈಪರ್), ಸ್ಟಿಂಟ್, ಪ್ಲೋವರ್, ಸ್ನೈಪ್‌ಗಳನ್ನು ಹಕ್ಕಿ ನೋಡುವವರು ಒಟ್ಟಾಗಿ ವೇಡರ್ ಎನ್ನುತ್ತಾರೆ. ಇಲ್ಲಿ ಬರೀ ಗೊರವ ಎಂದಾಗಲೂ ಹೆಚ್ಚಾಗಿ ಇವೆಲ್ಲವೂ ಸೇರಿವೆ. ಬಯಲುಸೀಮೆಯ ಹಳ್ಳಿಗಳಲ್ಲಿ ಇವನ್ನು ಹುಡುಕುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

## ಹೊಸಬರಿಗೆ

ನಮ್ಮೂರಿಂದ ಸಮುದ್ರ ಇನ್ನೂರೈವತ್ತು ಕಿಲೋಮೀಟರ್. ಇಲ್ಲಿಗೂ ಇವು ಬರುತ್ತವಾ?

ಬರುತ್ತವೆ. ವುಡ್ ಸ್ಯಾಂಡ್‌ಪೈಪರ್, ಗ್ರೀನ್ ಸ್ಯಾಂಡ್‌ಪೈಪರ್, ಟೆಮ್ಮಿಂಕ್ಸ್ ಸ್ಟಿಂಟ್ ಇವೆಲ್ಲ ಸಮುದ್ರ ದಂಡೆಗಿಂತ ಸಿಹಿನೀರನ್ನೇ ಮೆಚ್ಚುವ ಹಕ್ಕಿಗಳು. ಉತ್ತರ ಯುರೋಪಿನಿಂದ ಸೈಬೀರಿಯಾದವರೆಗಿನ ಜೌಗು ಕಾಡುಗಳಲ್ಲಿ, ತಂಪು ಬಯಲುಗಳಲ್ಲಿ ಮರಿ ಮಾಡಿ, ಮಧ್ಯ ಏಷ್ಯಾದ ಹಾದಿಯಲ್ಲಿ ಇಳಿದು ಬರುತ್ತವೆ. ಅವಕ್ಕೆ ಇಲ್ಲಿ ಬೇಕಾದ್ದು ಒದ್ದೆ ಕೆಸರು, ಅದರೊಳಗಿನ ಹುಳು, ಸುತ್ತ ಬಯಲು. ಇದಿಷ್ಟಿದ್ದರೆ ಊರ ಮುಂದಿನ ಗೋಕಟ್ಟೆಯೂ ಸಾಕು.

ಮೆಟ್ಟುಗಾಲು ಹಕ್ಕಿ, ಟಿಟ್ಟಿಭ ಕೂಡ ವಲಸೆ ಬಂದವೇ?

ಟಿಟ್ಟಿಭಗಳು, ಕೆಂಪಿನದೂ ಹಳದಿಯದೂ, ಇಲ್ಲಿಯವೇ. ಮೆಟ್ಟುಗಾಲು ಹಕ್ಕಿ ಇಲ್ಲೇ ಗೂಡು ಕಟ್ಟುತ್ತದೆ, ನೀರಿನ ಲೆಕ್ಕದಲ್ಲಿ ಒಂದು ಕೆರೆಯಿಂದ ಇನ್ನೊಂದಕ್ಕೆ ಜಾಗ ಬದಲಿಸುತ್ತದೆ. ಇವನ್ನು ಮೊದಲು ಚೆನ್ನಾಗಿ ಕಲಿಯಿರಿ. ದೂರದ ಹಕ್ಕಿಯ ಗಾತ್ರ ಅಂದಾಜು ಮಾಡಲು ಪಕ್ಕದಲ್ಲಿ ನಿಂತ ಟಿಟ್ಟಿಭವೇ ಅಳತೆಗೋಲು.

ಯಾವ ತಿಂಗಳು ಹೋಗಬೇಕು? ಎಲ್ಲರೂ ಡಿಸೆಂಬರ್ ಅಂತಾರೆ.

ಡಿಸೆಂಬರ್ ಬಾತುಗಳ ತಿಂಗಳು. ಗೊರವಗಳು ಅದಕ್ಕಿಂತ ಬಹಳ ಮೊದಲೇ ಬಂದಿರುತ್ತವೆ. ಗ್ರೀನ್, ವುಡ್, ಕಾಮನ್ ಸ್ಯಾಂಡ್‌ಪೈಪರ್‌ಗಳ ಮೊದಲ ತಂಡ ಜುಲೈ ಕೊನೆ, ಆಗಸ್ಟ್ ಹೊತ್ತಿಗೆ ಇಳಿಯುತ್ತದೆ. ಇವು ಮರಿ ಮಾಡಿ ಮುಗಿಸಿದ ದೊಡ್ಡ ಹಕ್ಕಿಗಳು. ಆ ವರ್ಷದ ಎಳೆಯವು ಸಾಮಾನ್ಯವಾಗಿ ಹಿಂದಿನಿಂದ ಬರುತ್ತವೆ. ಮರಳುವುದು ಮಾರ್ಚ್‌ನಿಂದ ಮೇ ಮೊದಲ ವಾರದವರೆಗೆ.

ಬಯಲುಸೀಮೆಯಲ್ಲಿ ಎರಡು ಹೊತ್ತು ಒಳ್ಳೆಯದು: ಕೆರೆ ಇನ್ನೂ ತುಂಬಿರದ ಆಗಸ್ಟ್–ಸೆಪ್ಟೆಂಬರ್, ಮತ್ತು ನೀರು ಇಳಿಯುವ ಜನವರಿ–ಏಪ್ರಿಲ್. ದಿನದಲ್ಲಿ ಬೆಳಿಗ್ಗೆ 6:30ರಿಂದ 9, ಸಂಜೆ 4:30ರ ನಂತರ. ನಡುಹಗಲಿನಲ್ಲಿ ನೆಲದ ಝಳಕ್ಕೆ ದೂರದ ಹಕ್ಕಿ ನಡುಗುವ ಚುಕ್ಕೆಯಷ್ಟೇ.

ಬೈನಾಕ್ಯುಲರ್ ಸಾಕಾ, ಸ್ಕೋಪ್ ಬೇಕಾ?

8×42 ಬೈನಾಕ್ಯುಲರ್‌ನಲ್ಲಿ 60–70 ಮೀಟರ್‌ವರೆಗೆ ಕಾಲಿನ ಬಣ್ಣ, ಹುಬ್ಬಿನ ಗೆರೆ ಕಾಣುತ್ತದೆ. ಗೋಕಟ್ಟೆ, ಗದ್ದೆ, ಹಳ್ಳಕ್ಕೆ ಇಷ್ಟು ಸಾಕು. ದೊಡ್ಡ ಕೆರೆಯಲ್ಲಿ ಹಕ್ಕಿ 200 ಮೀಟರ್ ಆಚೆ ಇರುವುದರಿಂದ 20–60 ಪಟ್ಟಿನ ಸ್ಕೋಪ್ (ಟ್ರೈಪಾಡ್ ಮೇಲಿಡುವ ದೂರದರ್ಶಕ) ಇಲ್ಲದೆ ಸ್ಟಿಂಟ್‌ಗಳನ್ನು ಬೇರ್ಪಡಿಸಲು ಆಗದು. ಸ್ಕೋಪ್ ಕೊಂಡರೆ ಟ್ರೈಪಾಡ್‌ನಲ್ಲಿ ಉಳಿತಾಯ ಮಾಡಬೇಡಿ. ಏರಿಯ ಮೇಲಿನ ಗಾಳಿಗೆ ಹಗುರ ಟ್ರೈಪಾಡ್ ಅಲ್ಲಾಡಿದರೆ 60 ಪಟ್ಟು ಇದ್ದೂ ಇಲ್ಲದಂತೆ. ನಡುವಿನ ಕಂಬಕ್ಕೆ ನೀರಿನ ಬಾಟಲಿ ತುಂಬಿದ ಚೀಲ ತೂಗುಹಾಕಿ, 25–30 ಪಟ್ಟಿನಲ್ಲೇ ಹೆಚ್ಚು ನೋಡಿ.

## ಜಾಗ ಹುಡುಕುವುದು

ಕೃಷಿ ಹೊಂಡದ ಹತ್ತಿರ ಗಂಟೆಗಟ್ಟಲೆ ಕಾದರೂ ಒಂದೂ ಹಕ್ಕಿ ಇಲ್ಲ. ನೀರು ತುಂಬಿದೆಯಲ್ಲ?

ಈ ಹಕ್ಕಿಗಳಿಗೆ ಬೇಕಾದ್ದು ನೀರಲ್ಲ, ನೀರಿನ ಅಂಚು. ವುಡ್ ಸ್ಯಾಂಡ್‌ಪೈಪರ್ ಗಾತ್ರದ ಹಕ್ಕಿ ಸುಮಾರು 5 ಸೆಂ.ಮೀ. ಆಳದೊಳಗೆ ಮೇಯುತ್ತದೆ. ಸ್ಟಿಂಟ್‌ಗೆ 2–3 ಸೆಂ.ಮೀ. ಸಾಕು, ಪ್ಲೋವರ್‌ಗೆ ನೀರೇ ಬೇಡ, ಒದ್ದೆ ಮಣ್ಣಾದರೆ ಆಯಿತು.

ಒಂದು ಲೆಕ್ಕ ಹಾಕಿ. 21×21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡಕ್ಕೆ ಬದಿಯ ಇಳಿಜಾರು 1ಕ್ಕೆ 1 ಇರುತ್ತದೆ ಎಂದುಕೊಳ್ಳಿ. ಅಲ್ಲಿ 5 ಸೆಂ.ಮೀ. ಆಳದ ಪಟ್ಟಿ ಬರೀ 5 ಸೆಂ.ಮೀ. ಅಗಲ. ಸುತ್ತಳತೆ 84 ಮೀಟರ್ ಹಿಡಿದರೂ ಮೇಯಲು ಸಿಗುವುದು ಸುಮಾರು 4 ಚದರ ಮೀಟರ್, ಅದೂ ಪ್ಲಾಸ್ಟಿಕ್ ಹಾಳೆಯ ಮೇಲೆ. ಅದೇ ಕೆರೆಯ ಹಿಂಭಾಗದಲ್ಲಿ ಇಳಿಜಾರು ನೂರಕ್ಕೆ ಒಂದು ಇದ್ದರೆ ಆ ಪಟ್ಟಿ 5 ಮೀಟರ್ ಅಗಲ. ಅರ್ಧ ಕಿಲೋಮೀಟರ್ ದಂಡೆಗೆ 2,500 ಚದರ ಮೀಟರ್!

ಹಾಗಂತ ಹೊಂಡವನ್ನು ಪೂರ್ತಿ ಬಿಡಬೇಡಿ. ಕಾಮನ್ ಸ್ಯಾಂಡ್‌ಪೈಪರ್ ಕಡಿದಾದ ಕಲ್ಲು ದಂಡೆಯ ಮೇಲೂ ಬಾಲ ಕುಣಿಸುತ್ತಾ ಓಡಾಡುತ್ತದೆ. ಗ್ರೀನ್ ಸ್ಯಾಂಡ್‌ಪೈಪರ್‌ಗೆ ಮರೆಯಾದ ಸಣ್ಣ ಗುಂಡಿಗಳೆಂದರೆ ಇಷ್ಟ. ಎರಡೂ ಹೆಚ್ಚಾಗಿ ಒಂಟಿ. ಹೊಂಡಕ್ಕಿಂತ ಅದರ ಸುತ್ತ ನೋಡಿ: ನೀರು ಒಳಬರುವ ದಾರಿಯ ಹೂಳುಗುಂಡಿ, ಕೋಡಿ ನೀರು ಹರಿದು ನಿಂತ ತಗ್ಗು, ಸೋರುವ ಪೈಪಿನ ಕೆಳಗಿನ ರಾಡಿ. ಎರೆಭೂಮಿಯಲ್ಲಿ ಹಾಳೆ ಹಾಸದೆ ತೋಡಿದ ಹಳೆಯ ಹೊಂಡಗಳ ಬದಿ ಕುಸಿದು ಇಳಿಜಾರಾಗಿರುತ್ತದೆ, ಅಂಥವು ಉತ್ತಮ. ಹಾಳೆ ಹಾಸಿದ ಹೊಂಡದ ಅಂಚಿಗೆ ಮಾತ್ರ ಇಳಿಯಲೇಬೇಡಿ. ಪಾಚಿ ಹಿಡಿದ ಹಾಳೆಯ ಮೇಲೆ ಕಾಲು ಜಾರಿದರೆ ಈಜು ಬರುವವರಿಗೂ ಮೇಲೆ ಹತ್ತುವುದು ಕಷ್ಟ.

ಏರಿ ಮೇಲೆ ನಿಂತು ನೋಡಿದೆ. ಬರೀ ಬಾತು, ನೀರುಕಾಗೆ ಕಂಡವು.

ಏರಿಯ ಬುಡ, ತೂಬಿನ ಹತ್ತಿರ ಕೆರೆಯ ಅತಿ ಆಳದ ಜಾಗ. ಕೆಸರು ಇರುವುದು ಎದುರು ದಿಕ್ಕಿನಲ್ಲಿ, ಹಳ್ಳ ಬಂದು ಕೆರೆಗೆ ಸೇರುವಲ್ಲಿ. ಏರಿಯಿಂದ ಒಮ್ಮೆ ಕಣ್ಣಾಡಿಸಿ ಎಲ್ಲಿ ಹೊಳಪು ಕೆಸರಿದೆ, ಎಲ್ಲಿ ದನ ಮೇಯುತ್ತಿವೆ ನೋಡಿಕೊಳ್ಳಿ, ನಂತರ ಬಂಡಿದಾರಿ ಹಿಡಿದು ಹಿಂದಕ್ಕೆ ಹೋಗಿ. ದನ ಕುಡಿಯಲು ಇಳಿಯುವ ಕಡೆ ಗೊರಸಿನ ಗುಂಡಿಗಳಲ್ಲಿ ನೀರು ನಿಂತಿರುತ್ತದೆ. ಟೆಮ್ಮಿಂಕ್ಸ್ ಸ್ಟಿಂಟ್ ಸಿಗುವುದು ಅಂಥಲ್ಲಿ. ಕೋಡಿಯ ಕೆಳಗಿನ ಜೌಗನ್ನೂ ಬಿಡಬೇಡಿ, ಅಲ್ಲಿ ಸ್ನೈಪ್ ಕೂತಿರುತ್ತದೆ. ಬೆಳಿಗ್ಗೆಯಾದರೆ ಪೂರ್ವದ ದಂಡೆಯಲ್ಲಿ, ಸಂಜೆಯಾದರೆ ಪಶ್ಚಿಮದಲ್ಲಿ ನಿಲ್ಲಿ. ಬಿಸಿಲು ಎದುರಾದರೆ ಎಲ್ಲ ಗೊರವವೂ ಕಪ್ಪೇ.

ಮಳೆ ಚೆನ್ನಾಗಿ ಆದ ವರ್ಷ ಹಕ್ಕಿ ಜಾಸ್ತಿ ಇರಬೇಕಲ್ಲವಾ?

ಕೆರೆ ಕೋಡಿ ಬಿದ್ದ ತಿಂಗಳಲ್ಲಿ ನೀರು ಜಾಲಿ ಗಿಡಗಳ ಬುಡ ಮುಟ್ಟಿರುತ್ತದೆ, ಕಾಲೂರಲು ಜಾಗವಿಲ್ಲ. ಆಗ ಅವು ಗದ್ದೆಗೆ, ಗೋಕಟ್ಟೆಗೆ, ರಸ್ತೆ ಬದಿಯ ತಗ್ಗಿಗೆ ಚದುರುತ್ತವೆ. ನೀರು ಇಳಿಯಲು ಶುರುವಾದ ಮೇಲೆ ಅದೇ ಕೆರೆ ಚೆನ್ನ. ನೂರಕ್ಕೆ ಒಂದು ಇಳಿಜಾರಿನಲ್ಲಿ ನೀರು ದಿನಕ್ಕೆ 1 ಸೆಂ.ಮೀ. ಇಳಿದರೂ 1 ಮೀಟರ್ ಅಗಲದ ಹೊಸ ಕೆಸರು ತೆರೆದುಕೊಳ್ಳುತ್ತದೆ. ನಾಲ್ಕೈದು ದಿನದ ಹಿಂದಿನದು ಬಿರಿದು ಗಟ್ಟಿಯಾಗಿ ಕೊಕ್ಕು ಇಳಿಯದಂತಾಗುತ್ತದೆ, ಹಾಗಾಗಿ ಹಕ್ಕಿಗಳು ನೀರಿನ ಗೆರೆಯನ್ನೇ ಹಿಂಬಾಲಿಸುತ್ತವೆ. ನೀವೂ ಹಿಂಬಾಲಿಸಿ. ಹೋದ ವಾರ ಹಕ್ಕಿ ಕಂಡ ಕಲ್ಲಿನ ಹತ್ತಿರ ಈ ವಾರ ಹುಡುಕಿ ಫಲವಿಲ್ಲ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಹರಿಯುತ್ತಿರುವ ಕೋಲಾರದ ಕೆರೆಗಳಿಗೂ ಇದೇ ಲೆಕ್ಕ. ರೈತರಿಗೆ ಅದು ದೊಡ್ಡ ಆಸರೆ. ಆದರೆ ವರ್ಷವಿಡೀ ಮಟ್ಟ ಇಳಿಯದ ಕೆರೆಯಲ್ಲಿ ವೇಡರ್ ಹುಡುಕುವವರು ಹಿನ್ನೀರಿನ ಬಾಲದ ತುದಿಗೇ ಹೋಗಬೇಕು.

ಹೊರಡುವ ಮೊದಲೇ ಯಾವ ಕೆರೆಯಲ್ಲಿ ಕೆಸರಿದೆ ಅಂತ ತಿಳಿಯೋದು ಹೇಗೆ?

ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಕೊಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಉಚಿತ. ಸುಮಾರು 5 ದಿನಕ್ಕೊಂದು ಹೊಸ ಚಿತ್ರ ಸಿಗುತ್ತದೆ.

1. ನಿಮ್ಮ ತಾಲ್ಲೂಕಿಗೆ ಹೋಗಿ ಫಾಲ್ಸ್ ಕಲರ್ ಆರಿಸಿ. ಗಿಡ, ಬೆಳೆ ಕೆಂಪಾಗಿ, ನೀರು ಕಪ್ಪು ಅಥವಾ ಕಡು ನೀಲಿಯಾಗಿ ಕಾಣುತ್ತದೆ.
2. ಮೋಡ ಕಡಿಮೆ ಇರುವ ಎರಡು ದಿನಾಂಕ ಹಿಡಿಯಿರಿ, ನಡುವೆ 10–15 ದಿನ ಅಂತರವಿರಲಿ.
3. ಮೊದಲ ಚಿತ್ರದಲ್ಲಿ ನೀರಿದ್ದು ಎರಡನೆಯದರಲ್ಲಿ ಇಲ್ಲದ, ಇನ್ನೂ ಕೆಂಪಾಗದ ಪಟ್ಟಿಯೇ ತಾಜಾ ಕೆಸರು.

ಕೆಂಪಾಗಿದ್ದರೆ ಹುಲ್ಲು ಬಂದಿದೆ ಅಥವಾ ಯಾರೋ ಕೆರೆ ಅಂಗಳದಲ್ಲಿ ಬಿತ್ತಿದ್ದಾರೆ. ಚಿತ್ರದ ಒಂದು ಚುಕ್ಕೆ 10 ಮೀಟರ್‌ಗೆ ಸಮ, ಆದ್ದರಿಂದ ಕೃಷಿ ಹೊಂಡ ಉದ್ದಕ್ಕೆ ಎರಡು, ಅಗಲಕ್ಕೆ ಎರಡು ಚುಕ್ಕೆಯಷ್ಟೇ, ಏನೂ ತಿಳಿಯದು. ಮಳೆಗಾಲದಲ್ಲಿ ಮೋಡ ಬಿಡದಿದ್ದರೆ ಸೆಂಟಿನೆಲ್-1ರ ರಾಡಾರ್ ಚಿತ್ರ ನೋಡಿ, ನಿಶ್ಚಲ ನೀರು ಅದರಲ್ಲಿ ಕಪ್ಪಾಗಿ ಕಾಣುತ್ತದೆ. ಇನ್ನು, ಊರಿನ ದನಗಾಹಿಯನ್ನು ಕೇಳಿದರೆ ಇದಾವುದೂ ಬೇಕಾಗದೆಯೂ ಇರಬಹುದು.

ಮಾಗಡಿ ಕೆರೆಗೇ ಹೋಗಬೇಕಾ, ನಮ್ಮ ಕೆರೆ ಸಾಕಾ?

ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿವೆ, ಒಮ್ಮೆ ನೋಡಲೇಬೇಕು. ಮಾಗಡಿಗೆ ಹೆಸರು ತಂದಿರುವುದು ಪಟ್ಟೆತಲೆಯ ಹೆಬ್ಬಾತು. ಗೊರವ ಕಲಿಯಲು ಮಾತ್ರ ವಾರಕ್ಕೊಮ್ಮೆ ಹೋಗಬಹುದಾದ ಊರ ಕೆರೆಯೇ ಮೇಲು.

ಭತ್ತದ ಗದ್ದೆಯಲ್ಲಿ ಹುಡುಕಬಹುದಾ?

ಕೆಸರು ಉಳುಮೆ ಮಾಡಿ, ಹಲಗೆ ಹೊಡೆದು, ನಾಟಿಗೆ ಬಿಟ್ಟ ಆ ಕೆಲವೇ ದಿನ. ಮಂಡ್ಯದ ಕಡೆ, ಭದ್ರಾ ಮತ್ತು ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಮುಂಗಾರಿಗೆ ಜುಲೈ–ಆಗಸ್ಟ್, ಬೇಸಿಗೆ ಬೆಳೆಗೆ ಜನವರಿ–ಫೆಬ್ರವರಿ. ಪೈರು ಮೊಣಕಾಲೆತ್ತರ ಆದ ಮೇಲೆ ಸ್ನೈಪ್ ಬಿಟ್ಟರೆ ಬೇರೆ ಕಾಣುವುದಿಲ್ಲ. ಬದುವಿನ ಮೇಲೆ ನಡೆಯುವಾಗ ಅಂಚು ಕುಸಿದರೆ ನೀರು ಪಕ್ಕದ ಗದ್ದೆಗೆ ಹೋಗಿ ಇಬ್ಬರ ನಡುವೆ ಜಗಳ. ಮೊದಲು ಗದ್ದೆಯವರನ್ನು ಕೇಳಿ.

ಕೆರೆ ಅಂಗಳಕ್ಕೆ ಇಳಿಯಲು ಯಾರನ್ನು ಕೇಳಬೇಕು?

ಕೆರೆ ಸರ್ಕಾರದ್ದಾದರೂ ಅಲ್ಲಿಗೆ ಹೋಗುವ ದಾರಿ ಹೆಚ್ಚಾಗಿ ಯಾರದೋ ಹೊಲದ ಮೇಲೆ ಇರುತ್ತದೆ. ಕಂದಾಯ ಇಲಾಖೆಯ ದಿಶಾಂಕ್ ಆಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಆದರೆ ಆಪ್ ತೋರಿಸಿ ವಾದಕ್ಕಿಳಿಯುವುದಕ್ಕಿಂತ "ಅಣ್ಣಾ, ಹಕ್ಕಿ ನೋಡಕ್ಕೆ ಬಂದಿದೀವಿ, ಈ ಕಡೆ ಹೋಗಬಹುದಾ?" ಎಂದರೆ ಕೆಲಸ ಬೇಗ ಆಗುತ್ತದೆ. ಸ್ಕೋಪ್ ನೋಡಿ ಸರ್ವೆಯವರು ಬಂದರೆಂದು ಗಾಬರಿಯಾಗುವವರಿದ್ದಾರೆ. ಅವರಿಗೂ ಒಮ್ಮೆ ಕಣ್ಣಿಟ್ಟು ನೋಡಲು ಕೊಡಿ. ಮೀನು ಸಾಕಣೆಗೆ ಗುತ್ತಿಗೆ ಕೊಟ್ಟ ಕೆರೆಯಾದರೆ ಕಾವಲುಗಾರನ ಪರಿಚಯ ಮಾಡಿಕೊಳ್ಳಿ. ಮೀನು ಹಿಡಿಯಲು ನೀರು ತಗ್ಗಿಸುವ ದಿನ ಅವನಿಗೇ ಗೊತ್ತು, ಅದರ ಮರುದಿನದಿಂದ ಅಲ್ಲಿ ಗೊರವಗಳ ಜಾತ್ರೆ.

ಬಿರುಕು ಬಿಟ್ಟ ಕೆಸರನ್ನು ನಂಬಬೇಡಿ. ಮೇಲೆ ಒಣಗಿ ಒಳಗೆ ಹಸಿ ಇರುತ್ತದೆ. ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಕೋಲು ಊರಿ ನೋಡಿ, ದನದ ಹೆಜ್ಜೆ ಇರುವಲ್ಲೇ ನಡೆಯಿರಿ.

## ಹತ್ತಿರ ಹೋಗಿ ಗುರುತಿಸುವುದು

ನಾನು ಕಂಡ ಕೂಡಲೇ ಎಲ್ಲ ಹಾರಿ ಹೋಗುತ್ತವೆ. ಏನು ತಪ್ಪು ಮಾಡ್ತಿದೀನಿ?

ಬಹುಶಃ ಟಿಟ್ಟಿಭವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದು ಒಮ್ಮೆ ಕೂಗೆಬ್ಬಿಸಿದರೆ ಇಡೀ ದಂಡೆ ಖಾಲಿ. ಮೊದಲು ಅದೆಲ್ಲಿದೆ ನೋಡಿ, ದೂರದಿಂದ ಸುತ್ತು ಹಾಕಿ. ಏರಿಯ ನೆತ್ತಿಯಲ್ಲಿ ಆಕಾಶಕ್ಕೆದುರಾಗಿ ನಿಲ್ಲಬೇಡಿ. ನೇರ ಹಕ್ಕಿಯ ಕಡೆ ನಡೆಯದೆ ಓರೆಯಾಗಿ ಸಾಗಿ, ಹತ್ತು ಹೆಜ್ಜೆಗೊಮ್ಮೆ ನಿಲ್ಲಿ. ಮೇಯುವುದು ಬಿಟ್ಟು ಕತ್ತು ಎತ್ತಿದರೆ, ತಲೆ ಕುಣಿಸತೊಡಗಿದರೆ ಅಲ್ಲೇ ಕೂತುಬಿಡಿ. ಇಪ್ಪತ್ತು ನಿಮಿಷ ಅಲ್ಲಾಡದೆ ಕೂತರೆ ಸ್ಟಿಂಟ್, ಪ್ಲೋವರ್‌ಗಳು ತಾವೇ ಹತ್ತಿರ ಬರುವುದುಂಟು. ಟ್ರ್ಯಾಕ್ಟರ್, ಬೈಕ್, ದನಗಳಿಗೆ ಅವು ಹೊಂದಿಕೊಂಡಿರುತ್ತವೆ. ಬಂಡಿದಾರಿ ಹತ್ತಿರವಿದ್ದರೆ ಗಾಡಿಯಿಂದ ಇಳಿಯದೆಯೇ ನೋಡಿ. ಬೇಸಿಗೆಯಲ್ಲಿ ಟಿಟ್ಟಿಭದ ಮೊಟ್ಟೆ ಬರಿನೆಲದ ಕಲ್ಲುಗಳ ನಡುವೆಯೇ ಇರುತ್ತದೆ. ತಲೆ ಮೇಲೆ ಎರಗಿ ಕೂಗಿದರೆ ಬಂದ ಹೆಜ್ಜೆಯಲ್ಲೇ ಹಿಂದಿರುಗಿ.

ಎಲ್ಲವೂ ಕಂದು, ಎಲ್ಲವೂ ಒಂದೇ ಥರ. ಎಲ್ಲಿಂದ ಶುರು ಮಾಡಲಿ?

ಮೂರರಿಂದ. ಈ ಮೂರು ಕಲಿತರೆ ಒಳನಾಡಿನ ಕೆರೆಯಲ್ಲಿ ಕಾಣುವ ಗೊರವಗಳಲ್ಲಿ ಬಹುಪಾಲು ಮುಗಿದಂತೆ.

ಕಾಮನ್ ಸ್ಯಾಂಡ್‌ಪೈಪರ್: ಭುಜದ ಮುಂದೆ ಎದೆಯಿಂದ ಮೇಲಕ್ಕೆ ನುಗ್ಗಿದ ಬಿಳಿ ಬೆಣೆ. ಹಿಂಭಾಗ ಸದಾ ಮೇಲೆ ಕೆಳಗೆ. ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆಯನ್ನು ಬಿಗಿ ಹಿಡಿದು ಪಟಪಟ ಬಡಿದು ತೇಲುತ್ತಾ ಹಾರುತ್ತದೆ. ಹಾರುವಾಗ ರೆಕ್ಕೆಯಲ್ಲಿ ಬಿಳಿ ಗೆರೆ, ಬಾಲದ ಬುಡ ಕಂದು.

ಗ್ರೀನ್ ಸ್ಯಾಂಡ್‌ಪೈಪರ್: ಬೆನ್ನು ಕಪ್ಪು ಮಿಶ್ರಿತ ಕಡುಗಂದು, ಸಣ್ಣ ಚುಕ್ಕೆ. ಕಣ್ಣಿನ ಮುಂದೆ ಮಾತ್ರ ಬಿಳಿ ಗೆರೆ, ಹಿಂದಕ್ಕೆ ಇಲ್ಲ. ಎದ್ದರೆ ರೆಕ್ಕೆಯ ಅಡಿ ಕಪ್ಪು, ಬಾಲದ ಬುಡ ಬೆಳ್ಳಗೆ. ಟ್ಲುಈಟ್-ವೀಟ್-ವೀಟ್ ಎನ್ನುತ್ತಾ ಎತ್ತರಕ್ಕೇರಿ ದೂರ ಹೋಗುತ್ತದೆ. ತನ್ನ ನಾಡಿನಲ್ಲಿ ಇದು ನೆಲದ ಮೇಲಲ್ಲ, ಮರದ ಮೇಲೆ ಬೇರೆ ಹಕ್ಕಿ ಬಿಟ್ಟ ಹಳೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ.

ವುಡ್ ಸ್ಯಾಂಡ್‌ಪೈಪರ್: ಬೆನ್ನು ತುಂಬ ದಪ್ಪ ತಿಳಿ ಚುಕ್ಕೆ, ಕಣ್ಣಿನ ಹಿಂದಕ್ಕೂ ಸಾಗುವ ಉದ್ದ ಬಿಳಿ ಹುಬ್ಬು, ಹಳದಿ ಛಾಯೆಯ ಕಾಲು. ಬಾಲದ ಬುಡ ಇದಕ್ಕೂ ಬಿಳಿಯೇ, ಹೊಸಬರು ಎಡವುವುದು ಇಲ್ಲೇ. ರೆಕ್ಕೆಯ ಅಡಿ ನೋಡಿ: ತಿಳಿಯಾಗಿದ್ದರೆ ವುಡ್, ಕಪ್ಪಾಗಿದ್ದರೆ ಗ್ರೀನ್. ಕೂಗು ಚಿಫ್-ಇಫ್-ಇಫ್. ಐದಾರು ಒಟ್ಟಿಗಿದ್ದರೆ ಹೆಚ್ಚಾಗಿ ಇದೇ.

ಈ ಮೂರನ್ನು ಕಲಿತ ಮೇಲೆ ಉದ್ದ ಕಾಲಿನವಕ್ಕೆ ಹೋಗಿ. ಸೂಜಿಯಂಥ ನೇರ ಕೊಕ್ಕು ಮಾರ್ಷ್ ಸ್ಯಾಂಡ್‌ಪೈಪರ್‌ಗೆ, ದಪ್ಪ ಬುಡದ ತುಸು ಮೇಲೆ ಬಾಗಿದ ಕೊಕ್ಕು ಗ್ರೀನ್‌ಶ್ಯಾಂಕ್‌ಗೆ.

ಸ್ಟಿಂಟ್‌ಗಳಲ್ಲಿ ಲಿಟಲ್ ಯಾವುದು, ಟೆಮ್ಮಿಂಕ್ಸ್ ಯಾವುದು?

ಲಿಟಲ್‌ಗೆ ಕಪ್ಪು ಕಾಲು, ಟೆಮ್ಮಿಂಕ್ಸ್‌ಗೆ ಮಾಸಲು ಹಳದಿ ಎಂದು ಎಲ್ಲರೂ ಹೇಳುತ್ತಾರೆ. ಎರೆಮಣ್ಣಿನ ಕೆರೆಯಲ್ಲಿ ಎಲ್ಲ ಕಾಲೂ ಕಪ್ಪೇ! ಕೆಸರು ಮೆತ್ತಿದ ಹಕ್ಕಿ ನೀರಿಗಿಳಿದು ಕಾಲು ತೊಳೆಯುವವರೆಗೆ ಕಾಯಿರಿ, ಅಥವಾ ಎದೆ ನೋಡಿ. ಎದೆ ಪೂರ್ತಿ ಬೂದು ಮಂಕಾಗಿದ್ದು, ಹುಲ್ಲಿನಂಚಿನಲ್ಲಿ ಕಾಲು ಮಡಿಸಿ ತೆವಳುವಂತೆ ನಿಧಾನ ಮೇಯುತ್ತಿದ್ದರೆ ಟೆಮ್ಮಿಂಕ್ಸ್. ಎದೆಯ ನಡುವೆ ಬಿಳಿ, ತೆರೆದ ಕೆಸರಿನಲ್ಲಿ ಚಕಚಕ ಓಡಾಟ, ಹತ್ತಾರು ಒಟ್ಟಿಗೆ ಎಂದರೆ ಲಿಟಲ್. ಹಾರುವಾಗ ಬಾಲದ ಹೊರಗರಿ ಅಚ್ಚ ಬಿಳಿಯಾದರೆ ಟೆಮ್ಮಿಂಕ್ಸ್ ಖಚಿತ.

ಓಡಿ, ನಿಂತು, ಕುಕ್ಕುವ ಪುಟ್ಟ ಹಕ್ಕಿ ಯಾವುದು?

ಪ್ಲೋವರ್. ಕಣ್ಣಿನ ಸುತ್ತ ಹಳದಿ ಉಂಗುರವಿದ್ದು ಹಾರುವಾಗ ರೆಕ್ಕೆಯಲ್ಲಿ ಬಿಳಿ ಗೆರೆ ಇಲ್ಲದಿದ್ದರೆ ಲಿಟಲ್ ರಿಂಗ್ಡ್. ಎದೆಯ ಪಟ್ಟಿ ನಡುವೆ ಕಡಿದಿದ್ದು, ರೆಕ್ಕೆಯಲ್ಲಿ ಗೆರೆ ಇದ್ದರೆ ಕೆಂಟಿಷ್.

## ಪಳಗಿದವರಿಗೆ

ಕಾಲಡಿಯಿಂದ ಎದ್ದ ಸ್ನೈಪ್ ಕಾಮನ್ನೋ ಪಿನ್‌ಟೇಲೋ?

ರೆಕ್ಕೆಯ ಹಿಂದಿನ ಅಂಚಲ್ಲಿ ಎದ್ದು ಕಾಣುವ ಬಿಳಿ ಗೆರೆ ಇದ್ದು, ಅಂಕುಡೊಂಕಾಗಿ ಹಾರಿ ದೂರ ಹೋದರೆ ಕಾಮನ್. ಆ ಗೆರೆ ಇಲ್ಲದೆ, ಹೆಚ್ಚು ನೇರವಾಗಿ ಹಾರಿ ಹತ್ತಿರದಲ್ಲೇ ಇಳಿದರೆ ಪಿನ್‌ಟೇಲ್ ಇರಬಹುದು. ನೆಲದ ಮೇಲೆ ಕೂತದ್ದನ್ನು ಬಣ್ಣ ನೋಡಿ ತೀರ್ಮಾನಿಸುವುದು ಬೇಡ. ಬರೀ ಸ್ನೈಪ್ ಎಂದು ಬರೆದುಕೊಂಡರೆ ಯಾವ ಅವಮಾನವೂ ಇಲ್ಲ.

ಈ ವರ್ಷದ ಎಳೆಯ ಹಕ್ಕಿಯನ್ನು ಹೇಗೆ ತಿಳಿಯೋದು?

ಆಗಸ್ಟ್–ಅಕ್ಟೋಬರ್‌ನಲ್ಲಿ ಮಾತ್ರ ಸುಲಭ. ಎಳೆಯದರ ಗರಿಗಳೆಲ್ಲ ಒಂದೇ ವಯಸ್ಸಿನವು, ತಿಳಿ ಅಂಚು ಒಪ್ಪವಾಗಿ ಜೋಡಿಸಿದಂತೆ. ದೊಡ್ಡದರಲ್ಲಿ ಸವೆದ ಹಳೆ ಗರಿಯೂ ಹೊಸದೂ ಬೆರೆತು ಹರಕು ಮುರುಕು.

ಗುಂಪು ಎಣಿಸುವುದು ಹೇಗೆ?

ಮೊದಲು ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿದೆ ಎಂದು ಕಣ್ಣಿಗೆ ಅಳತೆ ಮಾಡಿ, ಅದೇ ಅಳತೆಯಲ್ಲಿ ಸಾಗಿ. ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ. ವ್ಯತ್ಯಾಸ ದೊಡ್ಡದಾದರೆ ಮೂರನೇ ಸಲ. ಕಷ್ಟದ, ಸಣ್ಣ ಹಕ್ಕಿಗಳನ್ನು ಮೊದಲು ಎಣಿಸಿ, ಅವೇ ಬೇಗ ಹಾರುವುದು. ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ನಲ್ಲಿ ಹಾಕುವಾಗ ಸಂಖ್ಯೆಯ ಜತೆ ನೀರಿನ ಮಟ್ಟವನ್ನೂ ಟಿಪ್ಪಣಿಯಲ್ಲಿ ಬರೆಯಿರಿ: "ತೂಬಿನ ಎರಡನೇ ಮೆಟ್ಟಿಲಿನವರೆಗೆ" ಎಂದಷ್ಟೇ ಆದರೂ ಸರಿ. ಮುಂದಿನ ವರ್ಷ ಹೋಲಿಸಲು ಅದೇ ಆಧಾರ. 1987ರಿಂದ ನಡೆಯುತ್ತಿರುವ ಏಷ್ಯಾ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ. ನಿಮ್ಮ ಕೆರೆ ಎಣಿಸಿ ಸೇರಿಸಬಹುದು.

ಕಾಲಿನಲ್ಲಿ ಬಣ್ಣದ ತುಂಡು, ಉಂಗುರ ಕಂಡಿತು. ಏನು ಮಾಡಲಿ?

ಅದು ವಲಸೆ ತಿಳಿಯಲು ಸಂಶೋಧಕರು ತೊಡಿಸಿದ ಗುರುತು. ಯಾವ ಕಾಲು (ಹಕ್ಕಿಯ ಎಡ ಬಲ, ನಿಮ್ಮದಲ್ಲ), ಮಂಡಿಗಿಂತ ಮೇಲೋ ಕೆಳಗೋ, ಬಣ್ಣಗಳ ಕ್ರಮ, ಅಕ್ಷರ ಅಂಕಿ ಬರೆದುಕೊಳ್ಳಿ. ಮಸುಕಾದರೂ ಫೋಟೋ ತೆಗೆಯಿರಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ದಿನಾಂಕ, ಜಾಗದೊಂದಿಗೆ ತಿಳಿಸಿ. ಓದಲೆಂದು ಹಕ್ಕಿಯನ್ನು ಅಟ್ಟಬೇಡಿ.

ನಮ್ಮ ಹೊಲದ ಹೊಂಡಕ್ಕೆ ಇವು ಬರುವಂತೆ ಮಾಡಬಹುದಾ? ಬೆಳೆಗೆ ತೊಂದರೆ ಇಲ್ಲವಾ?

ಇವುಗಳ ಊಟ ಹುಳು, ಲಾರ್ವಾ, ಸಣ್ಣ ಬಸವನಹುಳು. ರಫ್, ಕಪ್ಪುಬಾಲದ ಗಾಡ್‌ವಿಟ್ ಮಾತ್ರ ಭತ್ತದ ಕಾಳನ್ನೂ ತಿನ್ನುತ್ತವೆ, ಅದೂ ಎರಚು ಬಿತ್ತನೆಯ ಗದ್ದೆ ಇದ್ದರೆ.

ಹೊಂಡದ ಆಕಾರ ಬದಲಿಸುವುದು ಬೇಡ, ಅದು ನೀರು ಹಿಡಿಯಲು ಮಾಡಿದ್ದು. ಕೋಡಿ ನೀರು ಹೊರಹೋಗುವ ಕಡೆ ಪಕ್ಕದಲ್ಲೊಂದು ತಗ್ಗು ಮಾಡಿ: 10 ಮೀಟರ್ ಉದ್ದ, 6 ಮೀಟರ್ ಅಗಲ, ಒಂದು ತುದಿ ನೆಲಮಟ್ಟ, ಇನ್ನೊಂದು ತುದಿ 20 ಸೆಂ.ಮೀ. ಆಳ. ಅಂದರೆ ಐವತ್ತಕ್ಕೆ ಒಂದು ಇಳಿಜಾರು. ಎರೆಭೂಮಿಯಲ್ಲಿ ಹಾಗೇ ನೀರು ನಿಲ್ಲುತ್ತದೆ. ಕೆಂಪು ಮಣ್ಣಾದರೆ 15 ಸೆಂ.ಮೀ. ಕೆರೆಗೋಡು (ಕೆರೆಯ ಹೂಳುಮಣ್ಣು) ಹರಡಿ, ನೀರು ಬಿಟ್ಟು ದನ ಓಡಾಡಿಸಿ ತುಳಿಸಿ. ತುಳಿಸದೆ ಬಿಟ್ಟರೆ ಎರಡೇ ದಿನದಲ್ಲಿ ಇಂಗುತ್ತದೆ. ಹಸಿ ಸಗಣಿಗೆ ಹುಳುವೂ ಬರುತ್ತದೆ. ಸುತ್ತ ಹತ್ತು ಮೀಟರ್ ಪೊದೆ, ಬಳ್ಳಾರಿ ಜಾಲಿ ಇರದಿರಲಿ, ಮರೆಯಿಂದ ನಾಯಿ ಬೆಕ್ಕು ಎರಗುವ ಭಯವಿದ್ದಲ್ಲಿ ಗೊರವ ಇಳಿಯುವುದಿಲ್ಲ. ಸದಾ ತುಂಬಿಸಿಡಬೇಡಿ, ಇಳಿಯಲು ಬಿಟ್ಟು ಮತ್ತೆ ನೀರು ಕೊಡಿ. ಕೀಟನಾಶಕದ ಡಬ್ಬಿ, ಪಂಪ್ ಅಲ್ಲಿ ತೊಳೆಯಬಾರದು.

ಹಾಳೆ ಹಾಸಿದ ಹೊಂಡಕ್ಕೆ ಬೇಲಿ ಇರಲಿ. ಜತೆಗೆ 30 ಸೆಂ.ಮೀ.ಗೊಂದು ಗಂಟು ಹಾಕಿದ ದಪ್ಪ ತೆಂಗಿನ ನಾರಿನ ಹಗ್ಗ ನಾಲ್ಕೂ ಬದಿಗೆ ತಳದವರೆಗೆ ಇಳಿಬಿಡಿ. ಬಿದ್ದ ಮನುಷ್ಯರಿಗೆ ಅದೇ ದಾರಿ.

ನಮ್ಮ ಕೆರೆ ಹೂಳೆತ್ತುತ್ತಿದ್ದಾರೆ. ಹಕ್ಕಿಗೂ ಒಳ್ಳೆಯದೇ ತಾನೇ?

ಹೇಗೆ ಎತ್ತುತ್ತಾರೆ ಎಂಬುದರ ಮೇಲಿದೆ. ಜೆಸಿಬಿಯಿಂದ ಸುತ್ತಲೂ ಒಂದೇ ಆಳಕ್ಕೆ ಬಗೆದು ಅಂಚನ್ನು ಗೋಡೆಯಂತೆ ಕಡಿದರೆ ಕೆರೆ ದೊಡ್ಡ ಕೃಷಿ ಹೊಂಡವಾಗುತ್ತದೆ. ಏರಿಯ ಕಡೆ ಆಳ ಮಾಡಿ, ಹಳ್ಳ ಸೇರುವ ಕಡೆಯ ಇಳಿಜಾರು ಹಾಗೇ ಉಳಿಸಿದರೆ ನೀರೂ ನಿಲ್ಲುತ್ತದೆ, ದನಕ್ಕೂ ಇಳಿಯಲು ದಾರಿ, ಹಕ್ಕಿಗೂ ಕೆಸರು. ಗ್ರಾಮ ಸಭೆಯಲ್ಲಿ ದನದ ದಾರಿಯ ಮಾತನ್ನೇ ಮುಂದಿಡಿ, ಹಕ್ಕಿಯ ಮಾತಿಗಿಂತ ಅದಕ್ಕೆ ಕಿವಿಗೊಡುವವರು ಹೆಚ್ಚು. ಕೆಲಸ ಶುರುವಾದ ಮೇಲೆ ಅಲ್ಲ, ಕ್ರಿಯಾಯೋಜನೆ ಬರೆಯುವಾಗಲೇ ಹೇಳಬೇಕು.

ದಂಡೆಯಲ್ಲಿ ಬಲೆ ಕಂಡೆ. ಕಿತ್ತು ಹಾಕಲಾ? ಸತ್ತ ಹಕ್ಕಿಗಳೂ ಇದ್ದವು.

ಈ ಹಕ್ಕಿಗಳನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆದರೂ ಒಬ್ಬರೇ ಬಲೆಗೆ ಕೈ ಹಾಕಿ ಜಗಳಕ್ಕೆ ಸಿಲುಕಬೇಡಿ. ಫೋಟೋ, ಸಮಯ, ಮ್ಯಾಪ್‌ನ ಗುರುತು ಇಟ್ಟುಕೊಂಡು ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಬಲೆಯಿಲ್ಲದೆ ಹಲವು ಹಕ್ಕಿ ಒಟ್ಟಿಗೆ ಸತ್ತು ಬಿದ್ದಿದ್ದರೆ ವಿಷವೋ ರೋಗವೋ ಇರಬಹುದು: ಮುಟ್ಟಬೇಡಿ, ನಾಯಿಗಳನ್ನು ದೂರವಿಡಿ, ಹತ್ತಿರದ ಪಶು ಆಸ್ಪತ್ರೆಗೂ ಹೇಳಿ. ಅಲ್ಲಿ ತುಳಿದ ಚಪ್ಪಲಿಯನ್ನು ತೊಳೆಯದೆ ಕೋಳಿ ಫಾರಂ ಕಡೆ ಹೋಗಬೇಡಿ.